ಬ್ಯಾಟರಿಯನ್ನು ಬೈಯುವ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ.

ಬೆಳಿಗ್ಗೆ ಹೊರಡುವ ಹೊತ್ತು. ಕೀ ತಿರುಗಿಸುತ್ತೀರಿ, ಸೆಲ್ಫ್ ಬಟನ್ ಒತ್ತುತ್ತೀರಿ. ಬೈಕು 'ಟಿಕ್' ಅನ್ನುತ್ತದೆ, ಸುಮ್ಮನಾಗುತ್ತದೆ. ಮತ್ತೆ ಒತ್ತುತ್ತೀರಿ. ಮತ್ತೆ ಟಿಕ್. ಆಗ ಪಕ್ಕದಲ್ಲಿ ಯಾರೇ ನಿಂತಿರಲಿ, ಅವರ ಬಾಯಿಂದ ಬರುವ ಮಾತು ಒಂದೇ: "ಬ್ಯಾಟರಿ ಹೋಗಿದೆ." ಮೂವತ್ತು ವರ್ಷದಿಂದ ಬೈಕುಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಈ ಎರಡು ಪದ ಕೇಳಿ ಕೇಳಿ ಸಾಕಾಗಿದೆ, ಕ್ಷಮಿಸಿ.

ಇವತ್ತು ನಾನು ಹೇಳಲು ಬಂದಿರುವುದು ಒಂದೇ ವಿಷಯ. ಕರೆಂಟು ಹೋದರೆ ಸಾಲದು, ಅದು ವಾಪಸ್ ಬರಬೇಕು.

ನೋಡಿ, ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ಕರೆಂಟು ದಪ್ಪ ಕೆಂಪು ವೈರಿನಲ್ಲಿ ರಿಲೇಗೆ, ಅಂದರೆ ಬಟನ್ ಒತ್ತಿದಾಗ ದೊಡ್ಡ ಕರೆಂಟಿಗೆ ದಾರಿ ಬಿಡುವ ಸ್ವಿಚ್ಚಿಗೆ, ಹೋಗುತ್ತದೆ. ಅಲ್ಲಿಂದ ಸೆಲ್ಫ್ ಮೋಟಾರಿಗೆ. ಮೋಟಾರು ತಿರುಗಿ ಇಂಜಿನ್ನನ್ನು ತಿರುಗಿಸುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆಮೇಲೆ? ಅದೇ ಕರೆಂಟು ಮೋಟಾರಿನ ಮೈಯಿಂದ ಇಂಜಿನ್ ಮೈಗೆ ಇಳಿದು, ಅಲ್ಲಿಂದ ಒಂದು ದಪ್ಪ ಕಪ್ಪು ವೈರಿನಲ್ಲಿ ಬ್ಯಾಟರಿಯ ನೆಗೆಟಿವ್‌ಗೆ ಮರಳಬೇಕು. ಇದೇ ಅರ್ತಿಂಗ್ ವೈರು. ಇದರ ಇನ್ನೊಂದು ತುದಿಯನ್ನು ಇಂಜಿನ್ನಿಗೋ, ಬೈಕಿನ ಚೌಕಟ್ಟಾದ ಚಾಸಿಗೋ ಒಂದು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಕೆಸರು, ನೀರು, ಬಿಸಿ, ಅದುರಾಟ ಎಲ್ಲವೂ ಆ ಬೋಲ್ಟಿನ ತಲೆಯ ಮೇಲೆಯೇ. ವರ್ಷಗಟ್ಟಲೆ ಅದನ್ನು ಯಾರೂ ಮುಟ್ಟುವುದಿಲ್ಲ.

"ಅಲ್ಲಾ ಸರ್, ಹೆಡ್‌ಲೈಟು ಚೆನ್ನಾಗೇ ಉರಿಯುತ್ತಲ್ಲ, ವೈರು ಸರಿ ಇರಲೇಬೇಕಲ್ವಾ?" ಎಂದು ಕೇಳುತ್ತಾರೆ. ಇಲ್ಲ. 12 ವೋಲ್ಟಿನ, 35 ವ್ಯಾಟಿನ ಹೆಡ್‌ಲೈಟಿಗೆ ಬೇಕಾಗಿರುವುದು ಸುಮಾರು 3 ಆಂಪಿಯರ್. ಸೆಲ್ಫ್ ಮೋಟಾರು ಎಳೆಯುವುದು ಅದರ ಹತ್ತಿಪ್ಪತ್ತು ಪಟ್ಟು. ದೊಡ್ಡ ಬೈಕುಗಳಲ್ಲಿ 100 ಆಂಪಿಯರನ್ನೂ ದಾಟುತ್ತದೆ. ಸಣ್ಣ ಓಣಿಯಲ್ಲಿ ಸೈಕಲ್ಲು ಆರಾಮಾಗಿ ಹೋಯಿತು ಅಂದಮಾತ್ರಕ್ಕೆ ಲಾರಿ ಹೋಗುತ್ತದೆಯೇ? ತುಕ್ಕು ಹಿಡಿದ ಬೋಲ್ಟು ಅಂಥ ಓಣಿ.

ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ, ಮುಖಭಂಗದಿಂದ. ಆಗಷ್ಟೇ ಸ್ವಂತ ಕೆಲಸ ಶುರುಮಾಡಿದ್ದೆ. ರಾತ್ರಿ ಪಾಳಿಗೆ ಹೋಗುವ ಒಬ್ಬ ಹುಡುಗ ಬೈಕು ತಳ್ಳಿಕೊಂಡು ಬಂದ. "ಅಣ್ಣಾ, ಸೆಲ್ಫ್ ತಗೊಳ್ತಿಲ್ಲ." ನಾನು ಬಗ್ಗಿ ನೋಡಲೂ ಇಲ್ಲ. "ಬ್ಯಾಟರಿ ಹೋಗಿದೆ" ಎಂದೆ. ಹೌದು, ಆ ಮಾತು ಹೇಳಿದ್ದು ನಾನೇ! ಹೊಸ ಬ್ಯಾಟರಿ ಹಾಕಿದೆ. ಸ್ಟಾರ್ಟ್ ಆಯಿತು. ಹುಡುಗ ಖುಷಿಯಾಗಿ ಹೋದ.

ನಾಲ್ಕನೇ ದಿನ ಮತ್ತೆ ತಳ್ಳಿಕೊಂಡು ಬಂದ. ಬ್ಯಾಟರಿ ಅಳೆದೆ, 12.6 ವೋಲ್ಟ್ ಇದೆ. ಹಾಗಾದರೆ ಮೋಟಾರಿನದೇ ತಪ್ಪು ಅಂದುಕೊಂಡೆ. ಬಿಚ್ಚಿದೆ, ಅದರೊಳಗೆ ಕರೆಂಟು ದಾಟಿಸುವ ಕಾರ್ಬನ್ ಬ್ರಷ್ ಬದಲಾಯಿಸಿದೆ, ಒರೆಸಿ ಕೂರಿಸಿದೆ. ಎರಡು ದಿನ ಓಡಿತು. ಮತ್ತೆ ಬಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತಲ್ಲ, ಹಾಗಾಗಿತ್ತು ನನ್ನ ವೈದ್ಯ.

ಅವತ್ತು ಅವನು ಇನ್ನೊಂದು ಮಾತು ಹೇಳಿದ. "ಅಣ್ಣಾ, ಕ್ಲಚ್ಚೂ ಗಟ್ಟಿಯಾಗಿದೆ. ಮೊನ್ನೆ ತಾನೆ ಹೊಸ ಕೇಬಲ್ ಹಾಕಿಸಿದ್ದೆ." ನನಗೆ ಸಿಟ್ಟು. "ಅದು ಬೇರೆ ಕೆಲಸ ಮಾರಾಯಾ, ಮೊದಲು ಇದು ಮುಗೀಲಿ" ಎಂದು ಗದರಿದೆ. ಪಾಪ, ಅವನು ಸುಮ್ಮನೆ ಕ್ಲಚ್ ಹಿಡಿದು ಮತ್ತೆ ಮತ್ತೆ ಬಟನ್ ಒತ್ತುತ್ತಿದ್ದ. ಆಗ ಮೂಗಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಡಿಯಿತು. ಎಲ್ಲಿಂದ ಎಂದು ಹುಡುಕುತ್ತಾ ಕ್ಲಚ್ ಕೇಬಲ್ ಮುಟ್ಟಿದೆ. ಕೈ ಸುಟ್ಟಿತು!

ಯೋಚನೆ ಮಾಡಿ. ಕ್ಲಚ್ ಕೇಬಲಿಗೂ ಕರೆಂಟಿಗೂ ಏನು ಸಂಬಂಧ? ಇಂಜಿನ್ನಿಗೆ ಬಂದ ಕರೆಂಟಿಗೆ ಅರ್ತಿಂಗ್ ದಾರಿ ಮುಚ್ಚಿತ್ತು. ಅದು ಬೇರೆ ದಾರಿ ಹುಡುಕಿತು. ಇಂಜಿನ್ನಿನಿಂದ ಹ್ಯಾಂಡಲ್ಲಿಗೆ ಲೋಹದ ಹಗ್ಗದಂತೆ ಕ್ಲಚ್ ಕೇಬಲ್ ಇದೆಯಲ್ಲ, ಅದನ್ನೇ ಹತ್ತಿ ಚಾಸಿಗೆ ಬಂದು ಬ್ಯಾಟರಿ ಸೇರುತ್ತಿತ್ತು. ಅಷ್ಟು ಕರೆಂಟು ಹರಿದರೆ ಕೇಬಲ್ ಕಾಯದೆ ಇರುತ್ತದೆಯೇ? ಒಳಗಿನ ಪ್ಲಾಸ್ಟಿಕ್ ಪದರ ಕರಗಿ ಕ್ಲಚ್ಚು ಗಟ್ಟಿಯಾಗಿತ್ತು. ಎರಡು ರೋಗ ಅಂದುಕೊಂಡಿದ್ದು ಒಂದೇ ರೋಗ.

ಅರ್ತಿಂಗ್ ಬೋಲ್ಟ್ ಬಿಚ್ಚಿ ನೋಡಿದೆ. ಚಂದ ಕಾಣಲಿ ಎಂದು ಯಾರೋ ಇಂಜಿನ್ನಿಗೆ ಪೇಂಟ್ ಹೊಡೆದು, ಪೇಂಟಿನ ಮೇಲೆಯೇ ವೈರು ಬಿಗಿದಿದ್ದರು. ಉಪ್ಪುಕಾಗದದಿಂದ ಐದು ನಿಮಿಷ ಉಜ್ಜಿದೆ. ಲೋಹ ಹೊಳೆಯಿತು. ಬಿಗಿದೆ. ಬಟನ್ ಒತ್ತಿದರೆ ಇಂಜಿನ್ ಗರ್ರನೆ ತಿರುಗಿತು. ಬಿಲ್ಲು ಕೇಳಲು ನನಗೆ ಬಾಯಿ ಬರಲಿಲ್ಲ. ಹಳೆಯ ಬ್ಯಾಟರಿಯನ್ನು ಚಾರ್ಜ್ ಮಾಡಿ ನೋಡಿದೆ, ಅದೂ ಚೆನ್ನಾಗಿಯೇ ಇತ್ತು.

ಮೊದಲ ದಿನವೇ ಈ ವಾಪಸ್ ದಾರಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿದ್ದರೆ ಎರಡು ನಿಮಿಷದ ಕೆಲಸ. ನೀವೂ ಮಾಡಬಹುದು. ಮೀಟರನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ. ಮೀಟರಿನ ಕಪ್ಪು ವೈರಿನ ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ ಹಿಡಿಯಿರಿ, ಅದಕ್ಕೆ ಬಿಗಿದ ವೈರಿನ ತುದಿಯ ಬಳೆಗಲ್ಲ. ಕೆಂಪು ಮುಳ್ಳು ಇಂಜಿನ್ನಿನ ಬರಿ ಲೋಹಕ್ಕೆ. ಇನ್ನೊಬ್ಬರಿಗೆ ಬಟನ್ ಒತ್ತಲು ಹೇಳಿ. ಕಾಲು ವೋಲ್ಟಿನೊಳಗೆ ತೋರಿಸಿದರೆ ವಾಪಸ್ ದಾರಿ ಸರಿ ಇದೆ. ಒಂದು ವೋಲ್ಟು, ಎರಡು ವೋಲ್ಟು ತೋರಿಸಿತೋ, ಕಳ್ಳ ಸಿಕ್ಕಿಬಿದ್ದ. ಮೀಟರ್ ಇಲ್ಲವೇ? ಒಂದು ಜಂಪರ್ ಕೇಬಲನ್ನು, ಅಂದರೆ ಎರಡೂ ತುದಿಗೆ ಕ್ಲಿಪ್ಪಿರುವ ದಪ್ಪ ವೈರನ್ನು, ಬ್ಯಾಟರಿಯ ನೆಗೆಟಿವ್‌ನಿಂದ ನೇರ ಇಂಜಿನ್ನಿಗೆ ಹಿಡಿದು ಸೆಲ್ಫ್ ಬಟನ್ ಒತ್ತಿ. ತಿರುಗಿತಾ? ಹಾಗಾದರೆ ಬ್ಯಾಟರಿಗೆ ದುಡ್ಡು ಹಾಕಬೇಡಿ.

ಆ ಹುಡುಗನ ಕಥೆಯಲ್ಲೇ ಸಮಯ ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಬಟನ್ ಒತ್ತಿದಾಗ ಶಬ್ದವೇ ಇಲ್ಲದಿದ್ದರೆ ಹ್ಯಾಂಡಲ್ಲಿನಲ್ಲಿ ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ನೋಡಿ. ನಗಬೇಡಿ, ನಾನೂ ಮರೆತಿದ್ದೇನೆ. ಆಮೇಲೆ ಸೈಡ್ ಸ್ಟ್ಯಾಂಡ್, ನ್ಯೂಟ್ರಲ್, ಕ್ಲಚ್ ಲಿವರ್, ಫ್ಯೂಸ್. 'ಟಿಕ್ ಟಿಕ್ ಟಿಕ್' ಎಂದು ಬಿಡದೆ ಬಡಿದುಕೊಂಡರೆ ಬ್ಯಾಟರಿಯಲ್ಲಿ ಚಾರ್ಜಿಲ್ಲ, ಇಲ್ಲವೇ ಬ್ಯಾಟರಿಗೆ ವೈರು ಕೂರುವ ಟರ್ಮಿನಲ್ ಸಡಿಲ. ಒಂದೇ ಟಿಕ್ ಎಂದು ನಿಂತರೆ ರಿಲೇ, ಮೋಟಾರು ಅಥವಾ ನಮ್ಮ ಅರ್ತಿಂಗ್. ಒತ್ತುವಾಗ ನ್ಯೂಟ್ರಲ್ಲಿನ ಹಸಿರು ದೀಪದ ಮೇಲೆ ಕಣ್ಣಿಡಿ. ದೀಪ ಮಂಕಾದರೆ ಬ್ಯಾಟರಿ, ಟರ್ಮಿನಲ್ ಕಡೆ ಹೋಗಿ. ದೀಪ ಹಾಗೇ ಉರಿಯುತ್ತಾ ಮೋಟಾರು ಮಾತ್ರ ತಿರುಗದಿದ್ದರೆ, ಮೋಟಾರಿಗೆ ಹೋಗುವ ದಾರಿ, ಬರುವ ದಾರಿ ನೋಡಿ.

ಬ್ಯಾಟರಿ ನಿಜವಾಗಿಯೂ ಸೋತಿರಬಹುದು, ಒಪ್ಪುತ್ತೇನೆ. ರಾತ್ರಿಯಿಡೀ ನಿಂತ ಬೈಕಿನ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಗಟ್ಟಿ, 12ಕ್ಕೆ ಇಳಿದಿದ್ದರೆ ಖಾಲಿ. ಸ್ಟಾರ್ಟ್ ಆದ ಮೇಲೆ ಇಂಜಿನ್ ವೇಗ ಏರಿಸಿ ಅಳೆದರೆ 13.5ರಿಂದ 14.5 ಬರಬೇಕು. ಬರದಿದ್ದರೆ ಚಾರ್ಜಿಂಗ್‌ನಲ್ಲಿ ತೊಂದರೆ. ಹೊಸ ಬ್ಯಾಟರಿಯೂ ನಾಲ್ಕು ದಿನದಲ್ಲಿ ಮಲಗುತ್ತದೆ.

ಇನ್ನು ಆ ಬೋಲ್ಟ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ವೈರು ತೆಗೆಯಿರಿ. ಮತ್ತೆ ಹಾಕುವಾಗ ಅದೇ ಕೊನೆಗೆ. ತಿರುಗಾ ಮುರುಗಾ ಮಾಡಿದರೆ ಸ್ಪ್ಯಾನರ್ ಚಾಸಿಗೆ ತಗುಲಿ ಕಿಡಿ ಹಾರುತ್ತದೆ. ಟರ್ಮಿನಲ್ ಮೇಲಿನ ಬಿಳಿ ಪುಡಿಗೆ ಬಿಸಿನೀರಿನಲ್ಲಿ ಕದಡಿದ ಅಡುಗೆ ಸೋಡಾ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಒಣಗಿದ ಮೇಲೆ ಬಿಗಿದು, ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಸ್ಪಾರ್ಕ್ ಪ್ಲಗ್ಗಿನ ವಿಷಯ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ, ಆಗಲಿಲ್ಲ. ಪ್ಲಗ್ಗಿನ ಸರದಿ ಬರುವುದು ಇಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದಾಗ. ಅದು ಇನ್ನೊಂದು ದಿನ. ಅಷ್ಟರಲ್ಲಿ ನಿಮ್ಮ ಬೈಕಿನ ಕಪ್ಪು ವೈರಿನ ಇನ್ನೊಂದು ತುದಿ ಎಲ್ಲಿದೆ ಎಂದು ಹುಡುಕಿಟ್ಟಿರಿ. ನಮಸ್ಕಾರ.