ತೆಗೆದ ಗುಂಡಿ ಮುಚ್ಚೋಕೆ ಮೊದಲು ಟೇಪ್ ಹಿಡೀರಿ

ನಮಸ್ಕಾರ. ಹಗಲು ಹನ್ನೊಂದು ಗಂಟೇಲಿ ಮೈಸೂರಿನ ಸರಸ್ವತಿಪುರಂನ ಯಾವುದೋ ರಸ್ತೇಲಿ, ನೆಲದೊಳಗಿನ ಕೇಬಲ್ ಹುಡುಕೋ ಮಷಿನ್ ಅಂದ್ರೆ ಕೇಬಲ್ ಲೊಕೇಟರ್ ಹಿಡಿದು ಓಡಾಡಿ ನೋಡಿ, ಬೀದಿದೀಪದ ಕೇಬಲ್ ಸಿಗೋದೇ ಇಲ್ಲ. ಮಷಿನ್ ಏನೂ ಕೆಟ್ಟಿಲ್ಲ. ಪವರ್ ಮೋಡ್ ಅಂತಾರಲ್ಲ, ಅದು ಹಿಡಿಯೋದು ಕೇಬಲಲ್ಲಿ ಹರಿಯೋ 50 ಹರ್ಟ್ಸ್ ಕರೆಂಟಿನ ಸುತ್ತ ಹುಟ್ಟೋ ಕಾಂತಕ್ಷೇತ್ರವನ್ನ. ಹಗಲಲ್ಲಿ ದೀಪ ಆರಿರುತ್ತೆ. ಲೋಡ್ ಇಲ್ಲ, ಕ್ಷೇತ್ರವೂ ಇಲ್ಲ. "ಇಲ್ಲಿ ಕ್ಲಿಯರ್ ಸಾರ್" ಅಂತ ಸುಣ್ಣದ ಗೆರೆ ಎಳೆದು ಜೆಸಿಬಿ ಬಿಡ್ತಾರೆ, ಬಕೆಟ್ಟಿನ ಹಲ್ಲಿಗೆ ಮೊದಲು ಸಿಕ್ಕಿಕೊಳ್ಳೋದು ಅದೇ ಕೇಬಲ್.

ನೆಲದೊಳಗಿನ ಪೈಪು, ಕೇಬಲ್ ವಿಚಾರ ಬಂದಾಗೆಲ್ಲ ನಮ್ಮಲ್ಲಿ ಮಷಿನ್ ಮಾತೇ ಮೊದಲು. ರಾಡಾರ್ ತರಿಸಿ, ಸ್ಕ್ಯಾನ್ ಮಾಡಿಸಿ, ತ್ರೀಡಿ ಮ್ಯಾಪ್ ಮಾಡಿಸಿ. ಬೇಡ ಅಂತ ನಾನು ಹೇಳಲ್ಲ. ಆದರೆ ಪೈಪು ಬರಿಗಣ್ಣಿಗೆ ಕಾಣ್ತಾ ಇರೋ ದಿನ ಒಂದಿರುತ್ತೆ, ಅದನ್ನ ಹೂಳೋ ದಿನ. ಆವತ್ತು ಯಾರೂ ಅಳತೆ ತಗೊಳ್ಳಲ್ಲ. ಹತ್ತು ವರ್ಷ ಆದಮೇಲೆ ಅದೇ ಪೈಪನ್ನ ಲಕ್ಷಗಟ್ಟಲೆ ಖರ್ಚು ಮಾಡಿ ಹುಡುಕ್ತೀವಿ. ನನ್ನ ತಕರಾರು ಇದು.

ರಾಡಾರ್ ಅಷ್ಟು ಸುಲಭಕ್ಕೆ ಕೈ ಹಿಡಿಯಲ್ಲ. ಜಿಪಿಆರ್, ಅಂದ್ರೆ ನೆಲದೊಳಗೆ ನೋಡೋ ಈ ರಾಡಾರ್, ರೇಡಿಯೋ ಅಲೆ ಕಳಿಸಿ, ಅದು ವಾಪಸ್ ಬರೋಕೆ ಹಿಡಿದ ಹೊತ್ತನ್ನ ಅಳೆಯುತ್ತೆ. ಆಳ ಎಷ್ಟು ಅನ್ನೋದು ನಾವು ಲೆಕ್ಕ ಹಾಕಿಕೊಳ್ಳೋದು. ಗಾಳೀಲಿ ಅಲೆಯ ವೇಗ ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್. ಮಣ್ಣು ಅಲೆಯನ್ನ ಎಷ್ಟು ನಿಧಾನ ಮಾಡುತ್ತೆ ಅಂತ ತೋರಿಸೋ ಡೈಎಲೆಕ್ಟ್ರಿಕ್ ಸಂಖ್ಯೆ 9 ಇದ್ದರೆ ಅದು 10ಕ್ಕೆ ಇಳಿಯುತ್ತೆ, ಒದ್ದೆ ಜೇಡಿಯಲ್ಲಿ 25 ಆಯ್ತು ಅಂದ್ರೆ 6ಕ್ಕೆ. ಹೋಗಿ ಬರೋಕೆ 20 ನ್ಯಾನೋಸೆಕೆಂಡ್ ಹಿಡೀತು ಅನ್ನಿ. ಮೊದಲನೇ ಮಣ್ಣಲ್ಲಿ ಪೈಪು ಒಂದು ಮೀಟರ್ ಕೆಳಗಿದೆ, ಎರಡನೇದರಲ್ಲಿ 60 ಸೆಂಟಿಮೀಟರ್. ಆಪರೇಟರು ಮಣ್ಣಿನ ಸಂಖ್ಯೆ ಸರಿಮಾಡದೆ ಹಳೇ ಸೆಟ್ಟಿಂಗಲ್ಲೇ ತಳ್ಕೊಂಡು ಹೋದರೆ 40 ಸೆಂಟಿಮೀಟರ್ ತಪ್ಪು ಅಲ್ಲೇ ಆಗಿಹೋಯ್ತು.

ಇನ್ನು ಮಂಡ್ಯ ಕಡೆಗೆ ಬನ್ನಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅಚ್ಚುಕಟ್ಟಲ್ಲಿ ಗದ್ದೆ ಪಕ್ಕದ ರಸ್ತೆ, ನಾಲೆಗೆ ನೀರು ಬಿಟ್ಟಿದ್ದಾರೆ, ನೆಲ ನೆನೆದು ಕೂತಿದೆ. ಒದ್ದೆ ಜೇಡಿ ಅಲೆಯನ್ನ ನುಂಗಿಬಿಡುತ್ತೆ. ಒಂದು ಮೀಟರ್ ಕೆಳಗೆ ಬರೀ ಮಂಜು. ಅಲ್ಲಿ ಸರ್ವೆ ಮಾಡಿಸೋದಿದ್ರೆ ನಾಲೆ ನಿಂತು ನೆಲ ಒಣಗಿದ ಬೇಸಿಗೇಲಿ ಮಾಡಿಸಿ, ಟೆಂಡರ್ ತಾರೀಖು ನೋಡ್ಕೊಂಡಲ್ಲ. ಇನ್ನೊಂದು ಅಂದಾಜು ಲೆಕ್ಕ ಇದೆ: ಆಳದ ಹತ್ತನೇ ಒಂದು ಭಾಗದಷ್ಟಾದರೂ ಪೈಪು ದಪ್ಪ ಇರಬೇಕು. ಒಂದು ಮೀಟರ್ ಕೆಳಗೆ ನಾಲ್ಕಿಂಚಿನ ಪೈಪು ಕಾಣಬಹುದು. ಮನೆಗೆ ಹೋಗೋ ಅರ್ಧ ಇಂಚಿನ ನಲ್ಲಿ ಲೈನು? ಮರೆತುಬಿಡಿ.

ಲೊಕೇಟರ್‌ಗೂ ಅದರದ್ದೇ ಗೋಳು. ಪಿವಿಸಿ, ಎಚ್‌ಡಿಪಿಇ, ಹಳೇ ಸ್ಟೋನ್‌ವೇರ್ ಯುಜಿಡಿ (ನೆಲದಡಿಯ ಕೊಳಚೆ) ಪೈಪು ಸಿಗ್ನಲ್ ಹಾಯಿಸಲ್ಲ. "ಇದು ಡಿಐ ಪೈಪು, ಕಬ್ಬಿಣ ತಾನೆ" ಅಂತ ಸಿಗ್ನಲ್ ಬಿಡೋಕೆ ವಾಲ್ವಿಗೆ ಲೊಕೇಟರ್ ಕ್ಲಿಪ್ ಹಾಕ್ತೀರಿ. ಆದರೆ ಡಿಐ (ಡಕ್ಟೈಲ್ ಐರನ್) ಜಾಯಿಂಟಲ್ಲಿ ರಬ್ಬರ್ ರಿಂಗ್ ಇರುತ್ತೆ, ಸಿಗ್ನಲ್ ಮೊದಲನೇ ಜಾಯಿಂಟಿಗೇ ಸತ್ತುಹೋಗುತ್ತೆ. ಫ್ರೀಕ್ವೆನ್ಸಿ ಏರಿಸಿದ್ರೆ ಸಿಗ್ನಲ್ ರಿಂಗನ್ನೇನೋ ದಾಟಿ ಹಾರುತ್ತೆ, ಜೊತೆಗೆ ಪಕ್ಕದ ಟೆಲಿಫೋನ್ ಕೇಬಲ್‌ಗೂ ಹಾರುತ್ತೆ. ನೀವು ನೀರಿನ ಪೈಪು ಅಂದ್ಕೊಂಡು ಕೇಬಲ್ ಮೇಲೆ ಬಣ್ಣ ಬಳಿದಿರ್ತೀರಿ. ಅದಕ್ಕೇ ಸಿಗ್ನಲ್ ಅತಿ ಜೋರಿರೋ ಜಾಗ ತೋರಿಸೋ ಪೀಕ್ ಮೋಡಲ್ಲಿ ಒಂದು ಸಲ, ಸಿಗ್ನಲ್ ಸೊನ್ನೆಗೆ ಇಳಿಯೋ ಜಾಗ ತೋರಿಸೋ ನಲ್ ಮೋಡಲ್ಲಿ ಒಂದು ಸಲ ನೋಡಬೇಕು. ಎರಡೂ ಗುರುತು ಒಂದೇ ಜಾಗಕ್ಕೆ ಬೀಳ್ತಿಲ್ಲ ಅಂದ್ರೆ ಅಲ್ಲಿ ಇನ್ನೇನೋ ಇದೆ, ಆಳದ ಸಂಖ್ಯೆ ನಂಬಬೇಡಿ. ಕೈಯಲ್ಲಿ ಅಗೆದ ಟ್ರಯಲ್ ಪಿಟ್ ಒಂದೇ ಕೊನೇ ಸಾಕ್ಷಿ. ಬ್ರಿಟನ್ನಿನ ಪಾಸ್ 128 ಅನ್ನೋ ಮಾನದಂಡ 2014ರಲ್ಲೇ ಇದನ್ನ ದರ್ಜೆ ಮಾಡಿಟ್ಟಿದೆ: ಬರೀ ಕಾಗದದ ನಕ್ಷೆ ಡಿ ದರ್ಜೆ, ಮಷಿನಲ್ಲಿ ಪತ್ತೆ ಹಚ್ಚಿದ್ದು ಬಿ, ಅಗೆದು ಕಣ್ಣಾರೆ ನೋಡಿದ್ದು ಮಾತ್ರ ಎ.

ಈಗ ಆ್ಯಪ್ ಇದೆಯಲ್ಲ ಅಂತೀರಿ. ಹೌದು, ಕಾಲ್ ಬಿಫೋರ್ ಯು ಡಿಗ್, 2023ರ ಮಾರ್ಚ್ 22ಕ್ಕೆ ಬಂತು. ಎಗ್ಗಿಲ್ಲದೆ ಅಗೆಯೋದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಕೇಂದ್ರ ಸರ್ಕಾರವೇ ಆಗ ಹೇಳಿತ್ತು. ಅಗೆಯೋರನ್ನೂ, ನೆಲದೊಳಗೆ ಪೈಪು, ಕೇಬಲ್ ಆಸ್ತಿ ಇರೋರನ್ನೂ ಅದು ಜೋಡಿಸುತ್ತೆ, ಒಳ್ಳೇದೇ. ಆದರೆ ಆಸ್ತಿ ಇರೋರಿಗೇ ಪೈಪು ಎಲ್ಲಿದೆ ಗೊತ್ತಿಲ್ಲದಿದ್ರೆ ಫೋನ್ ಮಾಡಿ ಏನು ಬಂತು? ಹಳೇ ಬಡಾವಣೆಗಳಲ್ಲಿ ಆ ನಕ್ಷೆ ಇರೋದು ವಾಲ್ವ್‌ಮನ್ ತಲೇಲಿ. ಅವರು ರಿಟೈರ್ ಆದ ದಿನ ನಕ್ಷೆಯೂ ರಿಟೈರ್.

ಮೈಸೂರಲ್ಲಿ ಬಡಾವಣೆ ಮಾಡೋ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಗಿದ್ದು 1903ರಲ್ಲಿ. ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂನಂಥ ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಇದೆ. ಕೊಳಚೆ ಲೈನು ಹಿಂದೆ, ನೀರು ಮುಂದೆ, ಎರಡೂ ಒಂದಕ್ಕೊಂದು ತಾಕೋದೇ ಇಲ್ಲ. ಈಗ ಆ ಗಲ್ಲಿಗಳಲ್ಲಿ ಸ್ಕೂಟರು, ಶೆಡ್ಡು. ಹೊಸ ಲೇಔಟಿನ 30 ಅಡಿ ರಸ್ತೇಲಂತೂ ನೀರು, ಯುಜಿಡಿ, ಕರೆಂಟು, ಫೈಬರು, ಗ್ಯಾಸು ಎಲ್ಲ ಒಂದೇ ಅಂಚಿಗೆ ಗುಡ್ಡೆ.

ಗ್ಯಾಸ್ ಅಂದೆ. ರಸ್ತೆ ಕೊಯ್ಯದೆ ನೆಲದಡಿ ತೂತು ಕೊರೆದು ಪೈಪ್ ಎಳೆಯೋ ಎಚ್‌ಡಿಡಿ ಚೆಂದದ ಕೆಲಸ, ರಸ್ತೆ ಉಳಿಯುತ್ತೆ. ಆದರೆ ಕೊರೆಯೋ ತಲೆ ಮನೆಯ ಯುಜಿಡಿ ಪೈಪನ್ನ ತೂರಿಕೊಂಡು ಹೋದರೂ ಮೇಲೆ ನಿಂತೋರಿಗೆ ಗೊತ್ತಾಗಲ್ಲ. ಹಳದಿ ಗ್ಯಾಸ್ ಪೈಪು ಕೊಳಚೆ ಪೈಪಿನ ಹೊಟ್ಟೇಲಿ ಅಡ್ಡ ಕೂರುತ್ತೆ. ವರ್ಷಗಟ್ಟಲೆ ಏನೂ ಆಗಲ್ಲ. ಒಂದಿನ ಚೇಂಬರ್ ಕಟ್ಟಿಕೊಳ್ತು ಅಂತ ರಾಡ್ ತಿರುಗಿಸ್ತಾರೆ, ಗ್ಯಾಸ್ ಪೈಪು ಹರಿಯುತ್ತೆ, ಗ್ಯಾಸು ನೇರ ಬಚ್ಚಲಿಗೆ. ಅಮೆರಿಕದ ಕೆನೋಶಾದಲ್ಲಿ 1976ರಲ್ಲಿ ಹೀಗೇ ಮನೆ ಸಿಡಿದು ಸಾವಾಗಿತ್ತು. ತಡೆಯೋಕೆ ಇರೋದು ಸರಳ ಕೆಲಸ: ಪೈಪ್ ಎಳೆದ ಮೇಲೆ ಆ ಸಾಲಿನ ಪ್ರತಿ ಮನೆಯ ಯುಜಿಡಿ ಕನೆಕ್ಷನ್‌ಗೂ ಕ್ಯಾಮೆರಾ ಇಳಿಸಿ ನೋಡೋದು.

ಸರಿ, ಗುಂಡಿ ತೆರೆದಿದೆ, ಪೈಪು ಕಾಣ್ತಿದೆ. ಏನು ಮಾಡಬೇಕು? ಪ್ಲಾಸ್ಟಿಕ್ ಪೈಪಾದ್ರೆ, ಮುಂದೆ ಲೊಕೇಟರ್ ಸಿಗ್ನಲ್ ಹಾಯಲಿ ಅಂತ, ಮೇಲುಗಡೆ 2.5 ಚದರ ಮಿ.ಮೀ. ಇನ್ಸುಲೇಟೆಡ್ ತಾಮ್ರದ ತಂತಿ, ಎರಡು ಮೂರು ಮೀಟರಿಗೊಂದು ಟೇಪ್ ಸುತ್ತಿ. ಎರಡೂ ತುದಿ ವಾಲ್ವ್ ಚೇಂಬರಿಗೆ ತನ್ನಿ. ಮಣ್ಣು ಹಾಕಿದ ಮೇಲೆ ಕಂಟಿನ್ಯುಟಿ, ಅಂದ್ರೆ ತಂತಿ ಎಲ್ಲೂ ತುಂಡಾಗಿಲ್ಲವಾ ಅಂತ, ನೋಡಿ, ಯಾಕಂದ್ರೆ ಕಲ್ಲು ಬಿದ್ದು ತಂತಿ ಹರಿಯೋದು ಆಗಲೇ. ಪೈಪಿಗಿಂತ ಒಂದಡಿ ಮೇಲೆ ವಾರ್ನಿಂಗ್ ಟೇಪ್. ಆಮೇಲೆ ಸೆಂಟಿಮೀಟರ್ ಮಟ್ಟದಲ್ಲಿ ಜಾಗ ಹೇಳೋ ಆರ್‌ಟಿಕೆ ಜಿಪಿಎಸ್‌ನಲ್ಲಿ ಹತ್ತು ಮೀಟರಿಗೊಂದು, ತಿರುವಿಗೊಂದು ಪಾಯಿಂಟು. "ಕಾಂಪೌಂಡಿಂದ ಐದಡಿ" ಅಂತ ಬರೀಬೇಡಿ, ಆ ಕಾಂಪೌಂಡೇ ನಾಳೆ ರಸ್ತೆ ಅಗಲೀಕರಣಕ್ಕೆ ಹೋಗುತ್ತೆ. ಆಳವನ್ನೂ ರಸ್ತೆ ಮೇಲಿಂದ ಅಳೀಬೇಡಿ, ಆರ್‌ಎಲ್ (ಒಂದು ಸ್ಥಿರ ಮಟ್ಟದಿಂದ ಅಳೆದ ಎತ್ತರ) ಬರೀರಿ. ಟಾರಿನ ಮೇಲೆ ಟಾರು ಬಿದ್ದು ರಸ್ತೆ ಏರ್ತಾನೇ ಇರುತ್ತೆ.

ಆಳ ಕಮ್ಮಿ ಆದ ಕಡೆ ಮುಚ್ಚಿಡಬೇಡಿ. 11 ಕೆವಿ ಕೇಬಲ್‌ಗೆ ಭಾರತೀಯ ಮಾನದಂಡ ಐಎಸ್ 1255 ಹೇಳೋದು 90 ಸೆಂಟಿಮೀಟರ್. ನಮ್ಮ ಕಡೆ ಎರಡಡಿಗೇ ಬಂಡೆ ಸಿಕ್ಕಿಬಿಡುತ್ತೆ, ಕಂಟ್ರಾಕ್ಟರು ಅಲ್ಲೇ ಮಲಗಿಸ್ತಾರೆ, ಡ್ರಾಯಿಂಗಲ್ಲಿ ಮಾತ್ರ 90 ಅಂತಲೇ ಉಳಿಯುತ್ತೆ. ಬಂಡೆ ಸಿಕ್ಕಿದ್ದು ತಪ್ಪಲ್ಲ. ಕಾಂಕ್ರೀಟ್ ಹೊದಿಸಿ, ನಿಜವಾದ ಅಳತೆ ಬರೀರಿ.

ಇಷ್ಟಕ್ಕೂ ಬೇಕಾಗಿರೋದು ಟೆಂಡರಲ್ಲಿ ಒಂದು ಸಾಲು: ಗುಂಡಿ ತೆರೆದಿದ್ದಾಗ ಸ್ಟಾಫ್ (ಅಳತೆ ಕೋಲು) ಇಟ್ಟು ತೆಗೆದ ಫೋಟೋ, ಪಾಯಿಂಟುಗಳ ಫೈಲು, ತಂತಿಯ ಟೆಸ್ಟ್ ರಿಪೋರ್ಟು, ಈ ಮೂರೂ ಇಲ್ಲದೆ ಬಿಲ್ ಪಾಸಾಗಲ್ಲ ಅಂತ. ಫೈಲು ಕಚೇರಿಯ ಸರ್ವರಿಗೆ ಹೋಗಬೇಕು, ಇಂಜಿನಿಯರ್ ಪೆನ್‌ಡ್ರೈವಿಗಲ್ಲ.