ಮಾಂಸದ ಪಾತ್ರೆಗೆ ಬಿದ್ದ ಹಾಲಿನ ಹನಿ

ಕೇಳುಗರಿಗೆ ನಮಸ್ಕಾರ.

ಒಲೆಯ ಮೇಲೆ ಮಾಂಸದ ಸಾರು ಕುದಿಯುತ್ತಿದೆ. ಒಂದು ಹನಿ ಹಾಲು ಅದರೊಳಗೆ ಬಿತ್ತು. ಸಾರು ಉಣ್ಣಬಹುದೋ, ಚೆಲ್ಲಬೇಕೋ? ರಬ್ಬಿ, ಅಂದರೆ ಧರ್ಮಗುರು, ಆಗಲು ಓದುವ ಯೆಹೂದಿ ವಿದ್ಯಾರ್ಥಿಗಳು ಇಂಥ ಪ್ರಶ್ನೆಗಳ ಮುಂದೆ ತಿಂಗಳುಗಟ್ಟಲೆ ಕೂರುತ್ತಾರೆ. ಅವರ ಪರೀಕ್ಷೆಯಲ್ಲಿ ಅಡುಗೆಮನೆಗೆ ಅಷ್ಟು ದೊಡ್ಡ ಜಾಗ.

ಯೆಹೂದಿಗಳ ಮೂಲ ಧರ್ಮಗ್ರಂಥ ತೋರಾದಲ್ಲಿ ಆಹಾರದ ಬಗ್ಗೆ ಇರುವ ನಿಯಮಗಳು ಚಿಕ್ಕವು. ಸೀಳು ಗೊರಸಿದ್ದು ಮೆಲುಕು ಹಾಕುವ ಪ್ರಾಣಿಯನ್ನು ತಿನ್ನಬಹುದು. ಮೀನಿಗೆ ಈಜುರೆಕ್ಕೆಯೂ ಪರೆಯೂ ಇರಬೇಕು. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು. ಈ ಕೊನೆಯ ಮಾತು ತೋರಾದಲ್ಲಿ ಮೂರು ಕಡೆ ಬರುತ್ತದೆ. ಯಾಕೆ ಮೂರು ಸಲ? ಬೇಯಿಸಬಾರದು, ತಿನ್ನಬಾರದು, ಅದರಿಂದ ಯಾವ ಲಾಭವನ್ನೂ ಪಡೆಯಬಾರದು ಅಂತ ತಾಲ್ಮುದ್, ಅಂದರೆ ರಬ್ಬಿಗಳ ಚರ್ಚೆಗಳ ಹಳೆಯ ಸಂಗ್ರಹ, ಲೆಕ್ಕ ಹಾಕುತ್ತದೆ. ಹೀಗೆ ಆ ಒಂದು ಮಾತು ಮಾಂಸ, ಹಾಲು ಬೆರೆಯಬಾರದು ಎಂಬ ನಿಯಮವಾಯಿತು. ಗದ್ದಲ ಶುರುವಾಗುವುದು ಇಲ್ಲಿಂದಲೇ.

ಗದ್ದಲ ಅಂತ ಸುಮ್ನೆ ಹೇಳಲಿಲ್ಲ. ಓದುವ ಹಾಲ್‌ಗೆ ಬೇತ್ ಮಿದ್ರಾಶ್ ಎನ್ನುತ್ತಾರೆ. ಅಲ್ಲಿ ಮೇಜಿಗೆ ಇಬ್ಬಿಬ್ಬರಂತೆ ಎದುರುಬದುರು ಕೂರುತ್ತಾರೆ. ಒಬ್ಬ ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಅರ್ಧಕ್ಕೇ ತಡೆಯುತ್ತಾನೆ. ಈ ಜೊತೆಗಾರನೇ ಹವ್ರುತಾ. ಎಲ್ಲ ಮೇಜುಗಳಲ್ಲೂ ಇದೇ ನಡೆಯುವಾಗ ಆ ಹಾಲ್ ಸಂತೆಯ ಹಾಗೆ ಇರುತ್ತದೆ. ಗುರುಗಳ ಪಾಠ ಆಮೇಲೆ. ಹೆಣ್ಣುಮಕ್ಕಳು ಹೀಗೆ ಓದುವ ಕಡೆಗಳೂ ಈಗ ಇವೆ.

ಜೊತೆಗಾರ ಎಂಥವನಿರಬೇಕು? ತಾಲ್ಮುದ್‌ನಲ್ಲೇ ಒಂದು ಕಥೆ ಇದೆ. ರಬ್ಬಿ ಯೋಹನಾನ್ ಅವರ ಜೊತೆಗಾರ ರೇಶ್ ಲಾಕಿಶ್, ಒಂದು ಕಾಲದಲ್ಲಿ ದರೋಡೆಕೋರ. ಆತ ತೀರಿಕೊಂಡ ಮೇಲೆ ಯೋಹನಾನ್ ಬಳಿಗೆ ಇನ್ನೊಬ್ಬ ವಿದ್ವಾಂಸನನ್ನು ಕಳಿಸಿದರು. ಈತ ಪ್ರತಿ ಮಾತಿಗೂ, ‘ನೀವು ಹೇಳಿದ್ದಕ್ಕೆ ಆಧಾರ ಇದೆ’ ಎನ್ನುತ್ತಿದ್ದ. ಯೋಹನಾನ್‌ಗೆ ರೇಗಿತು. ‘ನಾನು ಹೇಳಿದ್ದು ಸರಿ ಅಂತ ನನಗೇ ಗೊತ್ತಿಲ್ಲವೇ? ಅವನಾದರೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ’ ಅಂತ ಅತ್ತರು. ಹೂಂಗುಟ್ಟುವ ಜೊತೆಗಾರ ಇದ್ದೂ ಇಲ್ಲದ ಹಾಗೆ, ಅಲ್ವಾ?

ತಾಲ್ಮುದ್‌ನಲ್ಲಿ ಆಹಾರದ ವಿಚಾರ ಜಾಸ್ತಿ ಬರುವುದು ಹುಲ್ಲಿನ್ ಎಂಬ ಭಾಗದಲ್ಲಿ. ಅದರ 8ನೆಯ ಅಧ್ಯಾಯ ಪೂರ್ತಿ ಮಾಂಸ, ಹಾಲಿನದೇ. ಅಲ್ಲಿ ಕೋಳಿಯ ಪ್ರಶ್ನೆ ಬರುತ್ತದೆ. ಕೋಳಿ ಹಾಲು ಕೊಡುವುದಿಲ್ಲ. ಹಾಗಿದ್ದರೆ ‘ತಾಯಿಯ ಹಾಲು’ ಅನ್ನುವ ಮಾತು ಅದಕ್ಕೆ ಹೇಗೆ ಅನ್ವಯಿಸುತ್ತದೆ? ಅನ್ವಯಿಸುವುದೇ ಇಲ್ಲ ಎಂದವರು ಗಲಿಲಾಯದ ರಬ್ಬಿ ಯೋಸೆ. ಅವರ ಊರಿನಲ್ಲಿ ಕೋಳಿಯನ್ನು ಹಾಲಿನ ಜೊತೆ ತಿನ್ನುತ್ತಿದ್ದರಂತೆ. ಅವರ ಮಾತು ಕೊನೆಗೆ ನಿಲ್ಲಲಿಲ್ಲ. ಇವತ್ತು ಕೋಶರ್ ಅಡುಗೆಮನೆಯಲ್ಲಿ, ಅಂದರೆ ಈ ನಿಯಮಗಳನ್ನು ಪಾಲಿಸುವ ಅಡುಗೆಮನೆಯಲ್ಲಿ, ಕೋಳಿಗೆ ಬೆಣ್ಣೆ ಸೋಕುವಂತಿಲ್ಲ. ಆದರೆ ಸೋತ ಆ ವಾದವನ್ನು ಯಾರೂ ಅಳಿಸಲಿಲ್ಲ. ಈಗಲೂ ಓದುವವರು ಯೋಸೆಯ ಪರ ನಿಂತು ಅದನ್ನು ಮತ್ತೆ ಮಂಡಿಸಿ ನೋಡುತ್ತಾರೆ, ಅದೂ ಮನಸ್ಸಿಟ್ಟು. ನನಗೆ ಈ ಓದಿನಲ್ಲಿ ತುಂಬಾ ಇಷ್ಟವಾಗುವುದು ಇದೇ.

ಇನ್ನು ನಮ್ಮ ಹಾಲಿನ ಹನಿ. ಹನಿ ಬಿದ್ದದ್ದು ಮಾಂಸದ ತುಂಡಿನ ಮೇಲೋ, ಸಾರಿನೊಳಗೋ? ಬಿದ್ದ ಕೂಡಲೇ ಸೌಟು ಆಡಿಸಿದರೋ, ಇಲ್ಲವೋ? ಆಡಿಸಿದ್ದರೆ ಹಾಲಿನ ರುಚಿಯನ್ನು ಇಡೀ ಪಾತ್ರೆಗೆ ಹೋಲಿಸಿ ನೋಡಬೇಕು. ಇಲ್ಲದಿದ್ದರೆ ಆ ಒಂದು ತುಂಡಿಗೆ ಮಾತ್ರ. ಹಾಲಿನ ರುಚಿ ಬಂದಿದ್ದರೆ ತಿನ್ನುವಂತಿಲ್ಲ. ರುಚಿ ಬಂದಿದೆಯೋ ಇಲ್ಲವೋ ಅಂತ ಯಾರು ಹೇಳಬೇಕು? ಯೆಹೂದಿಯಲ್ಲದವನಿಂದ ರುಚಿ ನೋಡಿಸಬಹುದು ಎಂದರು ಸಫೇದ್‌ನ ಯೋಸೆಫ್ ಕಾರೋ. ನಾವು ಹಾಗೆ ಮಾಡುವುದಿಲ್ಲ, ಪಾತ್ರೆಯಲ್ಲಿ ಉಳಿದದ್ದು ಹಾಲಿನ 60 ಪಟ್ಟು ಇರಲೇಬೇಕು ಎಂದರು ಕ್ರಾಕೋವ್‌ನ ಮೋಶೆ ಇಸ್ಸರ್ಲಿಸ್. ಕಾರೋ ಅವರ ನಿಯಮಸಂಗ್ರಹ ಶುಲ್ಹನ್ ಅರುಖ್ 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಈಗಿನ ಪ್ರತಿಗಳಲ್ಲಿ ಇಸ್ಸರ್ಲಿಸ್ ಮಾತುಗಳು ಅದೇ ಪ್ಯಾರಾದ ನಡುನಡುವೆ, ಬೇರೆ ಬಗೆಯ ಅಕ್ಷರದಲ್ಲಿ ಇರುತ್ತವೆ. ಪುಟದ ಅಂಚಿನಲ್ಲಿ ಇನ್ನಷ್ಟು ಜನ ಇವರಿಬ್ಬರ ಜೊತೆಗೂ ಜಗಳ ತೆಗೆದಿರುತ್ತಾರೆ.

ಮಾಂಸ ತಿಂದ ಮೇಲೆ ಹಾಲಿಗೆ ಎಷ್ಟು ಹೊತ್ತು ಕಾಯಬೇಕು? ‘ನನ್ನಪ್ಪ ಒಂದು ಇಡೀ ದಿನ ಕಾಯುತ್ತಿದ್ದ, ನಾನು ಮುಂದಿನ ಊಟದವರೆಗೆ ಮಾತ್ರ. ಅವನು ದ್ರಾಕ್ಷಾರಸ, ನಾನು ಅದು ಹುಳಿತು ಆದ ವಿನೆಗರ್’ ಅಂತ ತಾಲ್ಮುದ್‌ನ ವಿದ್ವಾಂಸ ಮಾರ್ ಉಕ್ವಾ ತನ್ನನ್ನೇ ಗೇಲಿ ಮಾಡಿಕೊಂಡ. ಆ ‘ಮುಂದಿನ ಊಟ’ ಬಹಳ ಕಡೆ 6 ಗಂಟೆ ಆಯಿತು. ಜರ್ಮನಿಯ ಯೆಹೂದಿಗಳಲ್ಲಿ 3 ಗಂಟೆ, ಡಚ್ಚರಲ್ಲಿ 1 ಗಂಟೆ. ಹಾಗಾಗಿ ಮಧ್ಯಾಹ್ನ ಒಟ್ಟಿಗೆ ಮಾಂಸದೂಟ ಮಾಡಿ ಬಂದ ಜೊತೆಗಾರರಲ್ಲಿ ಡಚ್ ಮನೆತನದ ಹುಡುಗ ಗಂಟೆ ಕಳೆದ ಮೇಲೆ ಹಾಲು ಹಾಕಿದ ಕಾಫಿ ತರಿಸಿಕೊಳ್ಳಬಹುದು. ಎದುರಿಗೆ ಕೂತವನು ಸಂಜೆವರೆಗೂ ಕಪ್ಪು ಕಾಫಿಯಲ್ಲೇ ವಾದ ಮುಂದುವರಿಸಬೇಕು.

ನಮಸ್ಕಾರ.