ಇಪ್ಪತ್ತೈದನೆಯ ನೋಟ್‌ಬುಕ್‌ನ ಗಾಡಿ ಹೊಡೆಯುವವನು

ನಮಸ್ಕಾರ. ಇಟಲಿಯ ಕಮ್ಯುನಿಸ್ಟ್ ನಾಯಕ, ಚಿಂತಕ ಅಂಟೋನಿಯೊ ಗ್ರಾಮ್ಷಿಯ ಸೆರೆಮನೆ ಬರಹಗಳ ಮಾತು ಬಂದಾಗಲೆಲ್ಲ ಒಂದು ವಿವರಣೆ ತಪ್ಪದೆ ಕೇಳಿಬರುತ್ತದೆ. ‘ಸಬಾಲ್ಟರ್ನ್’ (ಅಧೀನರು) ಎಂಬ ಪದ ಜೈಲಧಿಕಾರಿಗಳ ಕಣ್ಣು ತಪ್ಪಿಸಲು ಆತ ಹೂಡಿದ ಉಪಾಯ, ಅದರ ನಿಜವಾದ ಅರ್ಥ ಕಾರ್ಮಿಕ ವರ್ಗ ಎಂದಷ್ಟೇ ಎಂಬುದು ಆ ವಿವರಣೆ. ಅದನ್ನು ನಾನು ಒಪ್ಪುವುದಿಲ್ಲ.

ಕಾವಲು ಕಣ್ಣುಗಳು ಇದ್ದದ್ದು ನಿಜ. 1926ರ ನವೆಂಬರ್‌ನಲ್ಲಿ ಸಂಸತ್ ಸದಸ್ಯನಾಗಿದ್ದಾಗಲೇ ಮುಸೊಲಿನಿಯ ಸರ್ಕಾರ ಗ್ರಾಮ್ಷಿಯನ್ನು ಬಂಧಿಸಿತು. 1928ರಲ್ಲಿ ವಿಶೇಷ ನ್ಯಾಯಮಂಡಳಿ ಇಪ್ಪತ್ತು ವರ್ಷಗಳಿಗೂ ಮೀರಿದ ಶಿಕ್ಷೆ ವಿಧಿಸಿತು. ತೂರಿ ಎಂಬ ಊರಿನ ಸೆರೆಮನೆಯಲ್ಲಿ 1929ರ ಫೆಬ್ರುವರಿ 8ರಂದು ಬರೆಯತೊಡಗಿದ ನೋಟ್‌ಬುಕ್‌ಗಳ ಮೇಲೆ ಜೈಲಿನ ಮೊಹರು ಬಿದ್ದಿದೆ. ಮಾರ್ಕ್ಸ್‌ವಾದವನ್ನು ‘ಪ್ರಾಕ್ಸಿಸ್‌ನ ತತ್ತ್ವಜ್ಞಾನ’, ಅಂದರೆ ಕ್ರಿಯೆಯ ತತ್ತ್ವಜ್ಞಾನ, ಎಂದು ಕರೆದದ್ದರಲ್ಲಿ ಎಚ್ಚರಿಕೆಯ ಪಾಲೂ ಇದ್ದಿರಬಹುದು.

ಆದರೆ ಇಪ್ಪತ್ತೈದನೆಯ ನೋಟ್‌ಬುಕ್ಕನ್ನು ತೆರೆದು ನೋಡಿ. 1934ರಲ್ಲಿ, ದೇಹ ಕುಸಿದು ಫೋರ್ಮಿಯಾದ ಚಿಕಿತ್ಸಾಲಯದಲ್ಲಿ ಕಾವಲಿನಲ್ಲಿದ್ದಾಗ, ಗ್ರಾಮ್ಷಿ ತನ್ನ ಹಳೆಯ ಟಿಪ್ಪಣಿಗಳನ್ನೇ ತಿದ್ದಿ ಅದರೊಳಗೆ ಮತ್ತೆ ಬರೆದ. ಅದರಲ್ಲಿರುವುದು ಎಂಟೇ ಟಿಪ್ಪಣಿ. ಮೊದಲನೆಯದು ದಾವಿದೆ ಲಜ್ಜರೆತ್ತಿ ಎಂಬ ಇಟಲಿಯ ಟಸ್ಕನಿ ಪ್ರಾಂತ್ಯದ ಗಾಡಿ ಹೊಡೆಯುವವನ ಕುರಿತದ್ದು. ತಾನು ದೇವರು ಕಳಿಸಿದವನೆಂದು ನಂಬಿದ ಈತ 1878ರ ಆಗಸ್ಟ್‌ನಲ್ಲಿ ತನ್ನ ಹಿಂಬಾಲಕರೊಂದಿಗೆ ಬೆಟ್ಟದಿಂದ ಮೆರವಣಿಗೆ ಇಳಿದು ಬರುತ್ತಿದ್ದಾಗ ಪೊಲೀಸರ ಗುಂಡಿಗೆ ಬಲಿಯಾದ. ಆತನ ಬಾವುಟ ಕೆಂಪು. ಅದರ ಮೇಲೆ ‘ಗಣರಾಜ್ಯ ಮತ್ತು ದೇವರ ರಾಜ್ಯ’ ಎಂದು ಬರೆದಿತ್ತು.

ಅಂದಿನ ಪಂಡಿತರು ಲಜ್ಜರೆತ್ತಿಯನ್ನು ಹುಚ್ಚನೆಂದು ಬಗೆದು ಅವನ ರೋಗಚರಿತ್ರೆ ಬರೆದರು. ಗ್ರಾಮ್ಷಿಗೆ ಸಿಟ್ಟು ಬರುವುದು ಇಲ್ಲಿಯೇ: ಒಂದು ಸಾಮೂಹಿಕ ಘಟನೆ ಎಲ್ಲಿ ಹುಟ್ಟಿತು, ಜನ ಏಕೆ ಅದಕ್ಕೆ ಓಗೊಟ್ಟರು ಎಂದು ಕೇಳುವ ಬದಲು, ಒಬ್ಬನನ್ನು ಮಾತ್ರ ಬೇರ್ಪಡಿಸಿ ಅವನ ತಲೆಯೊಳಗೆ ಕಾರಣ ಹುಡುಕಿದರು. ಈ ಒಂದು ಆಕ್ಷೇಪವೇ ನನಗೆ ಇಡೀ ನೋಟ್‌ಬುಕ್‌ನ ಜೀವಾಳವೆನಿಸುತ್ತದೆ. ಅಧೀನ ಗುಂಪುಗಳು ತಾವಾಗಿ ಇಟ್ಟ ಪ್ರತಿ ಹೆಜ್ಜೆಯ ಗುರುತೂ ಇತಿಹಾಸಕಾರನಿಗೆ ಬೆಲೆಕಟ್ಟಲಾಗದ್ದು ಎಂದು ಆತ ಬರೆದದ್ದೂ ಇದೇ ಪುಟಗಳಲ್ಲಿ. ಭಾರತದಲ್ಲಿ 1982ರಿಂದ ಇತಿಹಾಸಕಾರ ರಣಜಿತ್ ಗುಹಾ ಮತ್ತು ಸಂಗಡಿಗರು ರೈತ ದಂಗೆಗಳನ್ನು ಹೊಸದಾಗಿ ಓದಲು ‘ಸಬಾಲ್ಟರ್ನ್’ ಪದವನ್ನೇ ಎತ್ತಿಕೊಂಡರು.

ಪ್ರಾಚೀನ ರೋಮಿನ ಗುಲಾಮರೂ ಮಧ್ಯಯುಗದ ನಗರಗಳ ಬಡಜನರೂ ಇದೇ ನೋಟ್‌ಬುಕ್‌ನಲ್ಲಿ ಬರುತ್ತಾರೆ. ಅವರ ಮಾತು ಬರುವಲ್ಲೆಲ್ಲ ‘ಸಬಾಲ್ಟರ್ನ್’ ತೆಗೆದು ‘ಕಾರ್ಮಿಕ ವರ್ಗ’ ಎಂದು ಹಾಕಿ ಓದಿದರೆ ವಾಕ್ಯವೇ ನಿಲ್ಲುವುದಿಲ್ಲ.